ವುಹಾನಿನ ಪ್ರಯೋಗಾಲಯ ಮತ್ತು ನಮ್ಮ ಸೊಪ್ಪಿನ ಬೆಟ್ಟ

ಪತ್ರ: ಲಾಕ್‌ಡೌನ್ ನೆನಪುಗಳ ನಿಮ್ಮ ವಿಶೇಷ ಸಂಚಿಕೆಯನ್ನು ಪೂರ್ತಿ ಓದಿದೆ. ಹಲಸಿನ ಹಪ್ಪಳ, ಗುಡ್ಡ ಹತ್ತಿ ಹುಡುಕಿದ ನೆಟ್‌ವರ್ಕ್, ನಡುವೆಯೇ ನಿಂತ ಯಕ್ಷಗಾನದ ತಿರುಗಾಟ, ಎಲ್ಲವೂ ಬಂದಿದೆ. ಆದರೆ ಆ ಕೊರೊನಾ ವೈರಸ್ಸು ಎಲ್ಲಿಂದ ಬಂತು ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಅದು ವುಹಾನಿನ ಪ್ರಯೋಗಾಲಯದಲ್ಲಿ ತಯಾರಾಗಿ ಹೊರಬಿದ್ದದ್ದೆಂಬುದು ನೂರಕ್ಕೆ ನೂರು ಸತ್ಯ. ಪತ್ರಿಕೆ ಯಾರಿಗೆ ಅಂಜಿ ಸುಮ್ಮನಿದೆ?
— ನಿವೃತ್ತ ಶಿಕ್ಷಕರೊಬ್ಬರು, ಕುಮಟಾ ತಾಲೂಕು

ಸಂಪಾದಕರ ಉತ್ತರ:

ಮಾನ್ಯ ಮಾಸ್ತರರೇ, ಸಂಚಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ, ಅದರಲ್ಲಿ ಇಲ್ಲದ್ದನ್ನು ಎತ್ತಿ ತೋರಿಸುವ ಓದುಗರು ಈಗ ಅಪರೂಪ. ನೀವು ಮೂವತ್ತು ವರ್ಷಗಳ ಕಾಲ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರೆಂದು ಪತ್ರದ ಕೊನೆಯಲ್ಲಿ ತಿಳಿಸಿದ್ದೀರಿ. ಹಾಗಾಗಿ ನಿಮ್ಮೊಡನೆ ಈ ವಿಷಯವನ್ನು ವಿವರವಾಗಿಯೇ ಮಾತನಾಡಬಹುದೆಂಬ ಧೈರ್ಯ ನನಗಿದೆ.

ಮೊದಲಿಗೆ, ನಿಮ್ಮ ಸಂಶಯದಲ್ಲಿ ಅಸಂಬದ್ಧವಾದದ್ದು ಏನೂ ಇಲ್ಲ. ಪ್ರಯೋಗಾಲಯಗಳಿಂದ ರೋಗಾಣು ಹೊರಬಿದ್ದ ಉದಾಹರಣೆಗಳಿವೆ. ಸಿಡುಬಿನಿಂದ ಜಗತ್ತಿನಲ್ಲಿ ಕೊನೆಯದಾಗಿ ಸತ್ತ ಮಹಿಳೆಗೆ ಸೋಂಕು ತಗುಲಿದ್ದು 1978ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಅವರು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯದ ಕಟ್ಟಡದಲ್ಲಿ. ಅಲ್ಲಿನ ಪ್ರಯೋಗಾಲಯವೊಂದರಲ್ಲಿ ಸಿಡುಬಿನ ವೈರಸ್ಸಿನ ಸಂಶೋಧನೆ ನಡೆಯುತ್ತಿತ್ತು. 2004ರಲ್ಲಿ ಸಾರ್ಸ್ ವೈರಸ್ಸು ಬೀಜಿಂಗಿನ ಪ್ರಯೋಗಾಲಯದಿಂದಲೇ ಹೊರಬಂತು. ಚೀನಾ ತಾನು ಕೊಡಬೇಕಾದ ಮಾಹಿತಿಯನ್ನು ಕೊಟ್ಟಿಲ್ಲವೆಂಬುದೂ ನಿಜ. ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ ತಜ್ಞರ ತಂಡ 2025ರ ಜೂನ್‌ನಲ್ಲಿ ಕೊಟ್ಟ ವರದಿಯಲ್ಲಿಯೂ ಈ ಕಾರಣದಿಂದಲೇ ಪ್ರಯೋಗಾಲಯದ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬ ಮಾತಿದೆ. ಆದರೆ ಅದೇ ವರದಿ, ಈಗ ಕೈಯಲ್ಲಿರುವ ಸಾಕ್ಷ್ಯಗಳ ತೂಕ ಪ್ರಾಣಿಗಳಿಂದ ಮನುಷ್ಯನಿಗೆ ದಾಟಿದ್ದರ ಕಡೆಗಿದೆ ಎಂದೂ ಹೇಳುತ್ತದೆ. ಮೊದಮೊದಲ ರೋಗಿಗಳಲ್ಲಿ ಬಹಳಷ್ಟು ಜನ ವುಹಾನಿನ ಹುವಾನಾನ್ ಮಾರುಕಟ್ಟೆಯ ಆಸುಪಾಸಿನವರು. ಜೀವಂತ ಕಾಡುಪ್ರಾಣಿಗಳನ್ನು ಮಾರುತ್ತಿದ್ದ ಆ ಮಾರುಕಟ್ಟೆಯಲ್ಲಿ ವೈರಸ್ಸು ಪತ್ತೆಯಾದ ಮಾದರಿಗಳಲ್ಲಿಯೇ ರಕೂನ್ ನಾಯಿಯೆಂಬ ಕಾಡುಪ್ರಾಣಿಯ ವಂಶವಾಹಿ ಕುರುಹುಗಳೂ ಸಿಕ್ಕಿವೆ. ಕೊರೊನಾ ವೈರಸ್ಸಿಗೆ ಹತ್ತಿರದ ಸಂಬಂಧಿ ವೈರಸ್ಸುಗಳು ಚೀನಾದ ಯುನ್ನಾನ್ ಮತ್ತು ಲಾವೋಸ್ ಕಡೆಯ ಬಾವಲಿಗಳಲ್ಲಿ ದೊರೆತಿವೆ. ಇಷ್ಟನ್ನು ಓದಿದ ಮೇಲೂ ನೂರಕ್ಕೆ ನೂರು ಎಂದು ಬರೆಯಲು ನಿಮ್ಮ ಲೇಖನಿ ಹೇಗೆ ಒಪ್ಪಿತು? ನಿಮ್ಮ ತರಗತಿಯ ಹುಡುಗನೊಬ್ಬ ಪ್ರಯೋಗ ಮುಗಿಸುವ ಮೊದಲೇ ಫಲಿತಾಂಶ ಬರೆದು ತಂದಿದ್ದರೆ ನೀವು ಆ ಪುಸ್ತಕವನ್ನು ಹಿಂದಕ್ಕೆ ಕೊಡುತ್ತಿದ್ದಿರಿ.

ಪತ್ರಿಕೆ ಯಾರಿಗೂ ಅಂಜಿಲ್ಲ. ವೈರಸ್ಸಿನ ಮೂಲದ ಪ್ರಶ್ನೆ ನನಗೂ ಬಹಳ ಪ್ರಿಯವಾದದ್ದು. ನಿಮಗಿಂತ ನಾನು ಬೇರೆಯಾಗುವುದು ಒಂದೇ ಕಡೆ: ಆ ಪ್ರಶ್ನೆಯನ್ನು ಮೊದಲು ನಮ್ಮ ಘಟ್ಟದಲ್ಲಿ ಕೇಳಬೇಕೆಂಬುದು ನನ್ನ ಬಹುಕಾಲದ ಹಟ. ಕುಮಟೆಯಿಂದ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಬಂದು, ಅಲ್ಲಿಂದ ಸಿದ್ದಾಪುರ ದಾಟಿದರೆ ಸೊರಬ ತಾಲೂಕು ಸಿಗುತ್ತದೆ. ಅಲ್ಲಿಯ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲೆಲ್ಲ ಇದೆ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಮರದಿಂದ ಉದುರಿ ಸಾಯತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರ ಭಾರತಕ್ಕೂ ಬಂತೇ ಎಂದು ಗಾಬರಿಗೊಂಡು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಓಡಿ ಬಂದರು. ಅವರಿಗೆ ಸಿಕ್ಕಿದ್ದು ಅಲ್ಲಿಯವರೆಗೆ ಯಾರೂ ಗುರುತಿಸದಿದ್ದ ವೈರಸ್ಸು, ಅದನ್ನು ಹೊತ್ತು ತಿರುಗುವ, ರಕ್ತ ಹೀರುವ ಕಾಡಿನ ಉಣುಗು. ನಾವದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಪಾಪ, ಮಂಗ ನಮ್ಮಂತೆಯೇ ಅದಕ್ಕೆ ಬಲಿಯಾಗುವ ಪ್ರಾಣಿ.

ಆಗಲೂ ಮೂಲದ ಬಗ್ಗೆ ಊಹಾಪೋಹಗಳೆದ್ದವು. ಈ ವೈರಸ್ಸು ರಷ್ಯಾದ ಒಂದು ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿಯೆಂದು ತಿಳಿದಾಗ, ಚಳಿಗಾಲಕ್ಕೆ ಉತ್ತರದಿಂದ ಬರುವ ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೆಂದು ವಿಜ್ಞಾನಿಗಳೇ ಅನುಮಾನಿಸಿದರು. ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿಯನ್ನು ತಿಳಿಯುವ ಕೆಲಸಕ್ಕೆ ಇದೂ ಒಂದು ಕಾರಣವಾಯಿತು. ಮುಂದೆ ಆ ಅಧ್ಯಯನಕ್ಕೆ ಅಮೆರಿಕದ ಸೇನೆಯ ಮೂಲದಿಂದಲೂ ಹಣ ಬಂದಿತ್ತೆಂಬ ವಿಷಯ ಬಹಿರಂಗವಾಗಿ ದೇಶದಲ್ಲಿ ದೊಡ್ಡ ಗದ್ದಲವಾಯಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಂಥ ವಿದೇಶಿ ಸಹಯೋಗದ ಸಂಶೋಧನೆಗಳನ್ನು 1975ರ ತನ್ನ ವರದಿಯಲ್ಲಿ ಕಟುವಾಗಿ ಪ್ರಶ್ನಿಸಿತು. ಹೊರಗಿನವರು ತಂದು ಬಿಟ್ಟ ರೋಗವಿದು ಎಂಬ ಮಾತನ್ನು ಸಿದ್ದಾಪುರದ ಹಿರಿಯರ ಬಾಯಲ್ಲಿ ನಾನೇ ಕೇಳಿದ್ದೇನೆ. ಸಂಸತ್ತು ಕೇಳಿದ ಪ್ರಶ್ನೆ ಕೇಳಬೇಕಾದದ್ದೇ ಆಗಿತ್ತು. ಆದರೆ ಇಷ್ಟು ವರ್ಷಗಳ ಅಧ್ಯಯನದಿಂದ ತಿಳಿದುಬಂದಿರುವುದು, ಈ ವೈರಸ್ಸು ಯಾರೂ ತಂದು ಬಿಡುವ ಅಗತ್ಯವಿಲ್ಲದೆ ಬಹುಕಾಲದಿಂದ ಕಾಡಿನಲ್ಲಿ ಉಣುಗು ಮತ್ತು ಸಣ್ಣ ಪ್ರಾಣಿಗಳ ನಡುವೆ ತನ್ನ ಪಾಡಿಗೆ ಸುತ್ತುತ್ತಿತ್ತು ಎಂಬುದು.

ಹಾಗಾದರೆ 1957ರಲ್ಲಿ ಏಕೆ ಹೊರಬಂತು? ನಾನು ಬಹಳ ಓದಿ, ಬಹಳ ಜನರನ್ನು ಕೇಳಿ ತಿಳಿದುಕೊಂಡ ಭಾಗ ಇದು. ನಮ್ಮ ಜಿಲ್ಲೆ ಚಳಿಜ್ವರದ ತವರಾಗಿತ್ತು. ಘಟ್ಟದ ಮೇಲಿನ ಎಷ್ಟೋ ಊರುಗಳು ಮಲೇರಿಯಾದಿಂದ ಹಾಳು ಬಿದ್ದದ್ದನ್ನು ನಿಮ್ಮ ಹಿರಿಯರೂ ಹೇಳಿರಬಹುದು. 1946ರಿಂದ ಮುಂಬಯಿ ಪ್ರಾಂತದ ಮಲೇರಿಯಾ ಇಲಾಖೆ ಕೆನರಾ (ಈಗಿನ ಉತ್ತರ ಕನ್ನಡ) ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಹಳ್ಳಿಗೆ ಹೋಗಿ ಮನೆಯ ಗೋಡೆಗಳಿಗೆ ಡಿಡಿಟಿ ಕೀಟನಾಶಕ ಸಿಂಪಡಿಸಿತು. ಡಿ.ಕೆ. ವಿಶ್ವನಾಥನ್ ಅವರೊಂದಿಗೆ ಆ ಕೆಲಸ ಮಾಡಿ ವರದಿ ಬರೆದವರು ಟಿ. ರಾಮಚಂದ್ರ ರಾವ್. ಅದೇ ರಾಮಚಂದ್ರ ರಾಯರು ಮುಂದೆ ಪುಣೆಯ ಕೇಂದ್ರದಲ್ಲಿ ಮಂಗನ ಕಾಯಿಲೆಯನ್ನು ಅಧ್ಯಯನ ಮಾಡಿದರು, ಆ ಕೇಂದ್ರದ ನಿರ್ದೇಶಕರೂ ಆದರು. ಮಲೇರಿಯಾ ಹಿಂದೆ ಸರಿದದ್ದೇ ತಡ, ಜನ ಕಾಡಿನ ಒಳಗೆ ಬಂದು ನೆಲೆಸತೊಡಗಿದರು. ಗದ್ದೆಗೆಂದು ಕಾಡು ಕಡಿದರು, ಕಡಿದಲ್ಲಿ ದನ ಮೇಯಿಸಿದರು, ದನದ ರಕ್ತ ಕುಡಿದು ಉಣುಗಿನ ಸಂತತಿ ಬೆಳೆಯಿತು. ಕ್ಯಾಸನೂರಿನ ಸುತ್ತ ಕೆಲಸ ಮಾಡಿದ ವಿಜ್ಞಾನಿ ಹೋರ್ಹೆ ಬೋಶೆಲ್ 1969ರಲ್ಲೇ ಈ ಸಂಬಂಧವನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಬೆಳ್ತಂಗಡಿ ತಾಲೂಕಿನಲ್ಲಿ 1982ರ ಹೊತ್ತಿಗೆ ಗೇರು ತೋಪಿಗಾಗಿ ಕಾಡು ಕಡಿದ ಬೆನ್ನಿಗೇ ಈ ಜ್ವರ ನೂರಾರು ಜನರನ್ನು ಹಿಡಿಯಿತು. 2015ರ ನಂತರ ಗೋವೆಯ ಸತ್ತರಿಯಲ್ಲಿ, ಸಿಂಧುದುರ್ಗದಲ್ಲಿ ಗೇರುಬೀಜ ಹೆಕ್ಕಲು ಹೋದವರಿಗೂ ಬಂತು.

ಪ್ರಯೋಗಾಲಯದ ಕಥೆ ನಿಜವೇ ಆಗಿದ್ದರೂ ಅದರಿಂದ ನಾವು ಮಾಡಬೇಕಾದ್ದು ಏನೂ ಉಳಿಯುವುದಿಲ್ಲ. ಬೀಜಿಂಗನ್ನು ಬೈದು ಮಲಗಬಹುದು. ಕಾಡಂಚಿನ ಕಥೆ ನಿಜವಾದರೆ ಕಾಳಿ ನದಿಯ ಅಣೆಕಟ್ಟುಗಳ ಬಗ್ಗೆ, ಶರಾವತಿಯಲ್ಲಿ 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ನೆಲ ಮುಳುಗಿ ಕಾಡಿಗೆ ದೂಡಲ್ಪಟ್ಟ ಕುಟುಂಬಗಳ ಬಗ್ಗೆ, ಈಗ ಅದೇ ಕಣಿವೆಯಲ್ಲಿ ಮತ್ತೆ ತರಲು ಹೊರಟಿರುವ ವಿದ್ಯುತ್ ಯೋಜನೆಯ ಬಗ್ಗೆ ನಾವೇ ಉತ್ತರ ಹೇಳಬೇಕಾಗುತ್ತದೆ. ಈ ಕಾರಣಕ್ಕೇ ನಮಗೆ ವುಹಾನ್ ಹತ್ತಿರವಾಗಿ, ಕ್ಯಾಸನೂರು ದೂರವಾಗಿದೆ ಎಂದು ನಾನು ನಂಬಿದ್ದೇನೆ.

ಈಗ ಲಾಕ್‌ಡೌನ್ ನೆನಪುಗಳ ವಿಷಯ. ಅವನ್ನು ನೀವು ಹಗುರವಾಗಿ ಕಂಡದ್ದು ನನಗೆ ಬೇಸರ ತಂದಿದೆ. 2020ರ ಮಾರ್ಚ್ ಆರಂಭದಲ್ಲಿ ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ಲಕ್ಷಾಂತರ ಜನ ಸೇರಿದ್ದರು. ಅದೇ ತಿಂಗಳ 25ರಿಂದ ಬಿಡಕಿ ಬಯಲಿನಲ್ಲಿ ನಾಯಿಗಳ ಹೊರತು ಯಾರೂ ಇರಲಿಲ್ಲ. ಬನವಾಸಿಯ ಅನಾನಸ್ ಹೊಲದಲ್ಲೇ ಹಣ್ಣಾಗಿ ಕೊಳೆಯಿತು. ಅಂಕೋಲೆಯ ಹೆದ್ದಾರಿ ಬದಿಯಲ್ಲಿ ಕರಿ ಈಶಾಡ ಮಾವನ್ನು ಬುಟ್ಟಿಯಲ್ಲಿಟ್ಟು ಮಾರುವ ಹಾಲಕ್ಕಿ ಹೆಂಗಸರಿಗೆ ಆ ಬೇಸಿಗೆ ನಿಲ್ಲುವ ಗಾಡಿಗಳಿರಲಿಲ್ಲ. ಕಾರವಾರದ ಬೈತಖೋಲ್ ಬಂದರಿನಲ್ಲಿ ದೋಣಿಗಳು ಸಾಲಾಗಿ ಕಟ್ಟಿಕೊಂಡು ನಿಂತವು. ಇದನ್ನೆಲ್ಲ ಬರೆದು ಕಳಿಸಿದವರು ವೈರಸ್ಸಿನ ಬಗ್ಗೆಯೇ ಬರೆದಿದ್ದಾರೆ, ಮಾಸ್ತರರೇ.

ಸಂಚಿಕೆಯಲ್ಲಿ ಜಾಗ ಸಾಲದೆ ಬಿಟ್ಟ ಒಂದು ಬರಹವನ್ನು ಇಲ್ಲಿ ಹೇಳುತ್ತೇನೆ. ಸಿದ್ದಾಪುರದ ಕಡೆಯ ಗೃಹಿಣಿಯೊಬ್ಬರದು ಅದು. ಕೆಲಸದವರು ಬರುವಂತಿಲ್ಲದ ಕಾರಣ, ಬೆಂಗಳೂರಿನಿಂದ ಮನೆಗೆ ಬಂದಿದ್ದ ಮಗನೇ ತಾಯಿಯ ಜೊತೆ ಕೊಟ್ಟಿಗೆಗೆ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಲು ಸೊಪ್ಪಿನ ಬೆಟ್ಟಕ್ಕೆ ಹೋಗುತ್ತಿದ್ದ. ಬೆಳಿಗ್ಗೆ ಲ್ಯಾಪ್‌ಟಾಪ್, ಸಂಜೆ ದರಕಿನ ಹೊರೆ. ತಾಯಿ ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಟ್ಟ ಎಣ್ಣೆ ಸವರಿಕೊಳ್ಳುತ್ತಿದ್ದರು; ಮಗನಿಗೆ ಅದರ ವಾಸನೆ ಹಿಡಿಸಲಿಲ್ಲ. ಏಪ್ರಿಲ್‌ನಲ್ಲಿ ಅವನಿಗೆ ಒಮ್ಮೆಲೇ ಜ್ವರ ಏರಿತು, ಹಣೆ ಸಿಡಿಯುವಂಥ ತಲೆನೋವು, ಮೀನಖಂಡದಲ್ಲಿ ಹೆಜ್ಜೆ ಇಡಲಾರದಷ್ಟು ನೋವು, ಕಣ್ಣು ಕೆಂಪು. ಊರಿಗೆ ಊರೇ ಕೊರೊನಾ ಎಂದು ನಿರ್ಧರಿಸಿತು. ಹಾಲು ಹಾಕುವವನು ಗೇಟಿನಾಚೆ ಪಾತ್ರೆ ಇಟ್ಟು ಓಡಿದ. ಮೊದಲು ಹೋದ ಆಸ್ಪತ್ರೆಯಲ್ಲಿಯೂ ಗಂಟಲಿನ ಮಾದರಿ ತೆಗೆದರೇ ಹೊರತು ಬೆಟ್ಟಕ್ಕೆ ಹೋಗಿದ್ದೆಯಾ ಎಂದು ಯಾರೂ ಕೇಳಲಿಲ್ಲ. ಕೊನೆಗೆ ಸ್ನಾನ ಮಾಡಿಸುವಾಗ ತೊಡೆಯ ಸಂದಿಯಲ್ಲಿ ಕಚ್ಚಿಕೊಂಡಿದ್ದ ಮರಿ ಉಣುಗು ಅಜ್ಜಿಯ ಕಣ್ಣಿಗೆ ಬಿತ್ತು, ರಕ್ತ ಪರೀಕ್ಷೆಯಾಯಿತು, ಮಂಗನ ಕಾಯಿಲೆಯೆಂದು ತಿಳಿಯಿತು. ಹುಡುಗ ಬದುಕಿಕೊಂಡ. ಇಡೀ ಜಗತ್ತು ಒಂದು ವೈರಸ್ಸಿನ ಮೂಲವನ್ನು ಹುಡುಕುತ್ತಿದ್ದ ತಿಂಗಳಲ್ಲಿ ಮತ್ತೊಂದರ ಮೂಲ ಅವನ ಮೈಮೇಲೆಯೇ ಇತ್ತು.

ಮೂಲ ಹುಡುಕುವ ಉತ್ಸಾಹ ಅಪರಾಧಿಯನ್ನು ಹುಡುಕುವ ಉತ್ಸಾಹವಾಗಿ ತಿರುಗುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ದುಬೈಯಿಂದ ಮರಳಿದವರಲ್ಲಿ ಸೋಂಕು ಕಂಡದ್ದೇ ಭಟ್ಕಳದ ಹೆಸರು ಹೇಳಿದರೆ ಜನ ಹಿಂದೆ ಸರಿಯುವಂತಾಯಿತು. ಆ ಮೊದಲ ಸೋಂಕಿತರಲ್ಲಿ ಹಲವರು ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದ ಸುದ್ದಿಯನ್ನು ಅಷ್ಟೇ ಆಸಕ್ತಿಯಿಂದ ಹಂಚಿದವರು ಕಡಿಮೆ. ಆಮೇಲೆ ಮುಂಬಯಿಯಿಂದ ಬಂದ ನಮ್ಮದೇ ಮಕ್ಕಳ ಸರದಿ. ಶಾಲೆಯ ಕೋಣೆಯಲ್ಲಿ ಕ್ವಾರಂಟೈನ್ ಆದ ಹುಡುಗನಿಗೆ ಊಟ ಕೊಡಬಾರದೆಂದು ಜಗಳ ಮಾಡಿದ ಊರನ್ನು ನಾನು ಬಲ್ಲೆ. ನಿಮ್ಮ ಪತ್ರದಲ್ಲಿ ಅಂಥ ದ್ವೇಷವಿಲ್ಲ, ಅದಕ್ಕಾಗಿ ಕೃತಜ್ಞ.

ಇನ್ನು ನನ್ನನ್ನು ನಿದ್ದೆಗೆಡಿಸುವ ಸಂಗತಿ. ಕೊರೊನಾ ವೈರಸ್ಸಿನ ವಂಶವಾಹಿ ನಕ್ಷೆ ಬಹಿರಂಗವಾದದ್ದು 2020ರ ಜನವರಿಯಲ್ಲಿ; 2021ರ ಜನವರಿ 16ರಂದು ಭಾರತದಲ್ಲಿ ಲಸಿಕೆ ಹಾಕುವ ಕೆಲಸ ಶುರುವಾಯಿತು. ಕೊವ್ಯಾಕ್ಸಿನ್‌ಗೆ ಬೇಕಾದ ವೈರಸ್ಸನ್ನು ಬೇರ್ಪಡಿಸಿಕೊಟ್ಟದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ 1957ರಲ್ಲಿ ಕ್ಯಾಸನೂರಿಗೆ ಓಡಿಬಂದಿದ್ದ ಅದೇ ಕೇಂದ್ರ. ಒಂದು ವರ್ಷದಲ್ಲಿ ಇಷ್ಟು ಸಾಧ್ಯವಾಗುವುದಾದರೆ, ಮಂಗನ ಕಾಯಿಲೆಗೆ ಆರು ದಶಕ ಕಳೆದರೂ ನೆಚ್ಚಿಕೊಳ್ಳಬಹುದಾದ ಲಸಿಕೆ ಏಕಿಲ್ಲ? ಇದ್ದ ಹಳೆಯ ಲಸಿಕೆಯ ಪರಿಣಾಮ ಕುಗ್ಗಿ, 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ಹೊಸ ಲಸಿಕೆಯ ಕೆಲಸ ಆರಂಭವಾಗಿದೆ, ನಿಜ. ಆದರೆ 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ, 2024ರಲ್ಲಿ ನಮ್ಮ ಸಿದ್ದಾಪುರದಲ್ಲಿ ಸತ್ತವರು ಅದಕ್ಕಾಗಿ ಕಾಯಲಾಗಲಿಲ್ಲ. ಈ ಜ್ವರ ಹಿಡಿದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆಂಬುದು ವೈದ್ಯರ ಸಾಮಾನ್ಯ ಲೆಕ್ಕ. ಸಾಯುವವರು ದರಕು ತರುವ ಹೆಂಗಸರು, ದನ ಕಾಯುವವರು, ತೋಟದ ಕೂಲಿಗಳು. ವಿಮಾನದಲ್ಲಿ ಓಡಾಡುವವರಿಗೆ ಈ ರೋಗ ಬರುವುದಿಲ್ಲ, ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದೂ ಇಲ್ಲ. ಹೀಗಾಗಿ ರಾಜಧಾನಿಗಳಿಗೆ ಇದರ ಅವಸರವಿಲ್ಲ. ಟಿವಿ ಚರ್ಚೆಯಲ್ಲಿ ವುಹಾನಿನ ಬಾವಲಿಯ ಬಗ್ಗೆ ಗಂಟೆಗಟ್ಟಲೆ ಮಾತನಾಡಿದ ತಜ್ಞರಲ್ಲಿ ಒಬ್ಬರಾದರೂ ಉಣುಗಿನ ಹೆಸರೆತ್ತಿದ್ದನ್ನು ನಾನು ಕೇಳಿಲ್ಲ.

ನಿಮ್ಮ ಪತ್ರವನ್ನು ಪ್ರಕಟಿಸಿದ್ದೇನೆ. ವುಹಾನಿನ ಬಗ್ಗೆ ಹೊಸ ಸಾಕ್ಷ್ಯ ಬಂದರೆ ಅದನ್ನೂ ಪ್ರಕಟಿಸುತ್ತೇನೆ, ಅದು ನಿಮ್ಮ ಮಾತನ್ನೇ ಎತ್ತಿಹಿಡಿದರೂ ಸರಿ. ಅದರ ನಡುವೆ ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ. ಮಂಗನ ಕಾಯಿಲೆಯ ಕಾಲ ಶುರುವಾಗುವುದು ಡಿಸೆಂಬರ್ ಹೊತ್ತಿಗೆ. ಅಷ್ಟರೊಳಗೆ ನಿಮ್ಮ ಹಳೆಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಘಟ್ಟದ ಬುಡದ ಒಂದೆರಡು ಪಂಚಾಯಿತಿಗಳಿಗೆ ಹೋಗಿ ವಿಚಾರಿಸಿ: ಕಾಡಿನಲ್ಲಿ ಸತ್ತ ಮಂಗ ಕಂಡರೆ ಯಾರಿಗೆ ತಿಳಿಸಬೇಕೆಂದು ಅಲ್ಲಿಯವರಿಗೆ ಗೊತ್ತಿದೆಯೇ, ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಬಂದಿದೆಯೇ, ಜ್ವರ ಬಂದವರ ರಕ್ತದ ಮಾದರಿ ಯಾವ ಊರಿಗೆ ಹೋಗುತ್ತದೆ, ಎಷ್ಟು ದಿನಕ್ಕೆ ಫಲಿತಾಂಶ ಬರುತ್ತದೆ. ಸಿಕ್ಕ ಉತ್ತರವನ್ನು ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿ. ಜನವರಿ ಸಂಚಿಕೆಯಲ್ಲಿ ಅದಕ್ಕೆ ನಾಲ್ಕು ಪುಟ ತೆಗೆದಿರಿಸುತ್ತೇನೆ.

— ಸಂ.