ಓಪನ್‌ಟೆಲಿಮೆಟ್ರಿ (ಆ್ಯಪ್ ಒಳಗೆ ಏನಾಗ್ತಿದೆ ಅಂತ ದಾಖಲಿಸುವ ಟೂಲ್) ಅಪ್‌ಗ್ರೇಡ್ ಆದಮೇಲೆ ಕ್ವೆರಿ ಪಠ್ಯ ಇರುತ್ತಿದ್ದ ‘ಡಿಬಿ.ಸ್ಟೇಟ್‌ಮೆಂಟ್’ ಕಾಣ್ತಿಲ್ಲ, ಡ್ಯಾಶ್‌ಬೋರ್ಡ್ ಖಾಲಿ. ಹಳೇ ಹೆಸರನ್ನು ಕೋಡ್‌ನಲ್ಲೇ ಮತ್ತೆ ಸೇರಿಸಲಾ?

ಬೇಡ. ಡೇಟಾಬೇಸ್ ಸ್ಪ್ಯಾನ್‌ಗಳಲ್ಲಿ (ಒಂದೊಂದು ಕರೆಯ ದಾಖಲೆಗಳಲ್ಲಿ) ಬರುವ ಹೆಸರುಗಳು 2025ರಲ್ಲಿ ಸ್ಟೇಬಲ್ ಆಗಿವೆ, ಇನ್ನು ಹೊಸವೇ ಉಳಿಯುವುದು. ‘ಡಿಬಿ.ಸ್ಟೇಟ್‌ಮೆಂಟ್’ ಈಗ ‘ಡಿಬಿ.ಕ್ವೆರಿ.ಟೆಕ್ಸ್ಟ್’, ‘ಡಿಬಿ.ನೇಮ್’ ಈಗ ‘ಡಿಬಿ.ನೇಮ್‌ಸ್ಪೇಸ್’, ‘ಡಿಬಿ.ಸಿಸ್ಟಮ್’ ಈಗ ‘ಡಿಬಿ.ಸಿಸ್ಟಮ್.ನೇಮ್’.

ಡ್ಯಾಶ್‌ಬೋರ್ಡ್ ನಾಳೆ ನೋಡಿಕೊಳ್ಳಿ. ಇವತ್ತೇ ಕಲೆಕ್ಟರ್‌ನ (ಈ ದಾಖಲೆಗಳನ್ನು ಸ್ಟೋರೇಜ್‌ಗೆ ದಾಟಿಸುವ ಪ್ರೋಗ್ರಾಂ) ಮಾಸ್ಕಿಂಗ್ ನಿಯಮ, ಅಂದರೆ ಖಾಸಗಿ ಮಾಹಿತಿ ಮರೆಮಾಡುವ ನಿಯಮ, ತೆರೆದು ನೋಡಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ‘ಡಿಬಿ.ಸ್ಟೇಟ್‌ಮೆಂಟ್’ ಬಂದರೆ ಅಳಿಸು ಅಂತ ನಿಯಮವಿತ್ತು. ಹಳೇ ಕೋಡ್‌ನಲ್ಲಿ ಗ್ರಾಹಕರ ಫೋನ್ ನಂಬರನ್ನು ನೇರವಾಗಿ ಎಸ್‌ಕ್ಯೂಎಲ್‌ಗೆ ಅಂಟಿಸಿದ ಕ್ವೆರಿಗಳಿದ್ದವು, ಅದಕ್ಕೇ ಆ ನಿಯಮ. ಅಪ್‌ಗ್ರೇಡ್ ಆಯಿತು, ಹೆಸರು ಬದಲಾಯಿತು, ನಿಯಮಕ್ಕೆ ಏನೂ ಸಿಗಲಿಲ್ಲ. ಒಂದು ಎರರ್ ಕೂಡ ಬರಲಿಲ್ಲ. ನಂಬರ್‌ಗಳೆಲ್ಲ ಟ್ರೇಸ್ ಸ್ಟೋರೇಜ್‌ಗೆ ಹೋಗಿ ಕೂತಿದ್ದು ಮೂರು ದಿನದ ಮೇಲೆ ಗೊತ್ತಾಯಿತು. ಈಗಲೂ ನೆನೆದರೆ ಹೊಟ್ಟೆ ಕಿವುಚುತ್ತದೆ. ನಿಯಮದಲ್ಲಿ ಎರಡೂ ಹೆಸರು ಹಾಕಿ.

ಆಮೇಲೆ ‘ಓಟೆಲ್_ಸೆಮ್‌ಕಾನ್ವ್_ಸ್ಟೆಬಿಲಿಟಿ_ಆಪ್ಟ್_ಇನ್’ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ‘ಡೇಟಾಬೇಸ್/ಡಪ್’ ಕೊಡಿ. ನಿಮ್ಮ ಲೈಬ್ರರಿಯ ಆ ಆವೃತ್ತಿ ಇದಕ್ಕೆ ಒಪ್ಪುವುದಾದರೆ ಹಳೇದು, ಹೊಸದು ಎರಡೂ ಒಟ್ಟಿಗೆ ಬರುತ್ತವೆ. ಒಪ್ಪದಿದ್ದರೆ ಕಲೆಕ್ಟರ್‌ನ ಟ್ರಾನ್ಸ್‌ಫಾರ್ಮ್ ಪ್ರೊಸೆಸರ್‌ನಲ್ಲಿ, ಹೊಸ ಹೆಸರು ಇಲ್ಲದ ಸ್ಪ್ಯಾನ್‌ಗೆ ಹಳೇದರ ಮೌಲ್ಯವನ್ನು ಕಾಪಿ ಮಾಡಿಸಿ. ಒಂದೊಂದು ಸರ್ವೀಸ್ ಒಂದೊಂದು ಆವೃತ್ತಿಯಲ್ಲಿದ್ದರೆ ಈ ದಾರಿಯೇ ವಾಸಿ, ಬದಲಾವಣೆ ಒಂದೇ ಜಾಗದಲ್ಲಿರುತ್ತದೆ.

ಆದರೆ ಹೆಸರು ಬದಲಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ, ಕೆಲವು ಕಡೆ ಮೌಲ್ಯವೂ ಬದಲಾಗಿದೆ. ಎಸ್‌ಕ್ಯೂಎಲ್ ಸರ್ವರ್‌ಗೆ ಮೊದಲು ‘ಎಂಎಸ್‌ಎಸ್‌ಕ್ಯೂಎಲ್’ ಅಂತ ಬರುತ್ತಿತ್ತು, ಈಗ ‘ಮೈಕ್ರೋಸಾಫ್ಟ್.ಎಸ್‌ಕ್ಯೂಎಲ್_ಸರ್ವರ್’. ಅದರ ನೇಮ್‌ಸ್ಪೇಸ್‌ನಲ್ಲಿ ಇನ್‌ಸ್ಟನ್ಸ್ ಹೆಸರೂ ಸೇರಿಕೊಳ್ಳಬಹುದು, ಹಾಗಾಗಿ ಡೇಟಾಬೇಸ್ ಹೆಸರಿಗೆ ಸಮ ಅಂತ ಹಾಕಿದ ಫಿಲ್ಟರ್ ತಪ್ಪುತ್ತದೆ. ರೆಡಿಸ್‌ನ ಇಂಡೆಕ್ಸ್ ನಂಬರ್ ಕೂಡ ಈಗ ನೇಮ್‌ಸ್ಪೇಸ್‌ಗೇ ಬಂದಿದೆ.

‘ಡಪ್’ ಅನ್ನು ಜಾಸ್ತಿ ದಿನ ಇಡಬೇಡಿ, ಉದ್ದದ ಕ್ವೆರಿ ಪಠ್ಯ ಪ್ರತಿ ಸ್ಪ್ಯಾನ್‌ನಲ್ಲೂ ಎರಡೆರಡು ಸಲ ಸ್ಟೋರ್ ಆಗುತ್ತದೆ. ಅಲರ್ಟ್‌ಗಳು, ಸೇವ್ ಮಾಡಿದ ಕ್ವೆರಿಗಳು, ಸ್ಯಾಂಪ್ಲಿಂಗ್ ನಿಯಮ (ಯಾವ ಟ್ರೇಸ್ ಉಳಿಸಬೇಕು ಅನ್ನುವುದು) ಎಲ್ಲದರಲ್ಲೂ ಹಳೇ ಹೆಸರು ಹುಡುಕಿ. ಅಲರ್ಟ್‌ಗಳನ್ನು ಮೊದಲು ಮುಗಿಸಿ: ಡೇಟಾ ಸಿಗದ ಅಲರ್ಟ್ ಎಷ್ಟೋ ಸಲ ಸುಮ್ಮನಿರುತ್ತದೆ, ನೀವು ಎಲ್ಲ ಸರಿಯಿದೆ ಅಂದುಕೊಳ್ಳುತ್ತೀರಿ. ಹಳೇ ಹೆಸರು ಎಲ್ಲೂ ಸಿಗದಿದ್ದ ಮೇಲೆ ಆ ವೇರಿಯಬಲ್ ಅನ್ನು ಬರೀ ‘ಡೇಟಾಬೇಸ್’ ಅಂತ ಬದಲಿಸಿ.