ನೀಲಿ ಬರ್ತಿಲ್ಲ ಅಂದ್ರೆ ಅದು ಬರ್ಡ್ ಆಫ್ ಪ್ಯಾರಡೈಸ್ ಅಲ್ಲ

ಪ್ರಶ್ನೆ: ನರ್ಸರಿಯಲ್ಲಿ ಬರ್ಡ್ ಆಫ್ ಪ್ಯಾರಡೈಸ್ ಅಂತ ಚೀಟಿ ಇದ್ದ ಗಿಡ ತಂದ್ವಿ. ಆರೆಂಜ್ ಹೂ ಬಿಡುತ್ತೆ, ನೀಲಿ ಮಾತ್ರ ಬರ್ತಾನೇ ಇಲ್ಲ. ಪಟಿಕ ಹಾಕಿ ಅಂತಿದಾರೆ, ಹಾಕ್ಲಾ? (ಬೆಂಗಳೂರು)

ಉತ್ತರ: ಹಾಕ್ಬೇಡಿ. ಇದೇ ಪ್ರಶ್ನೆ ಎಷ್ಟು ಸಲ ಬಂದಿದೆಯೋ, ಪ್ರತಿ ಸಲಾನೂ ಯಾರೋ ಒಬ್ರು ಪಟಿಕ ಹಾಕ್ಸಿ ಗಿಡ ಹಾಳ್ಮಾಡಿರ್ತಾರೆ. ಪಟಿಕಕ್ಕೆ ನೀಲಿ ಆಗೋದು ಹೈಡ್ರೇಂಜಿಯಾ ಅನ್ನೋ ಬೇರೆ ಹೂಗಿಡ, ಅದೂ ಎಲ್ಲಾ ತಳಿ ಅಲ್ಲ. ನಿಮ್ಮನೇಲಿರೋದು ಹೆಲಿಕೋನಿಯಾ, ಬಹುಶಃ ಅದರಲ್ಲಿ ಸಿಟ್ಟಾಕೋರಮ್ ಅನ್ನೋ ಜಾತಿ. ಅಸಲಿ ಗಿಡ ದಕ್ಷಿಣ ಆಫ್ರಿಕಾದ ಸ್ಟ್ರೆಲಿಟ್ಜಿಯಾ, ಅದರ ಕುಟುಂಬವೇ ಬೇರೆ. ಅದರಲ್ಲಿ ದಂಟಿನ ತುದೀಲಿ ಅಡ್ಡಕ್ಕೆ ಚಾಚಿರೋ ಒಂದೇ ಒಂದು ಕೊಕ್ಕು ಇರುತ್ತೆ, ಅದರೊಳಗಿಂದ ಒಂದಾದ್ಮೇಲೊಂದು ಹೂ ಮೇಲೇಳುತ್ತೆ, ಆರೆಂಜ್ ಎಸಳಿನ ಮಧ್ಯೆ ಚೂಪಾದ ನೀಲಿ. ನಿಮ್ಮ ಗಿಡದಲ್ಲಿ ಆರೆಂಜಾಗಿ ಕಾಣೋದು ಹೂವೇ ಅಲ್ಲ, ಬಾಳೆಮೂತಿ ಸಿಪ್ಪೆ ಥರ ಹೂವನ್ನ ಮುಚ್ಕೊಂಡಿರೋ ಪೊರೆ, ಬಿಡಿಸಿ ನೋಡಿ, ಒಳಗೆ ಸಣ್ಣ ಹೂ ಸಿಗುತ್ತೆ. ಹೂ ಇಲ್ದಿದ್ರೆ ಎಲೆ ಮುಟ್ಟಿ. ಸ್ಟ್ರೆಲಿಟ್ಜಿಯಾ ಎಲೆ ದಪ್ಪ, ಚರ್ಮದಂಗೆ ಗಟ್ಟಿ, ಬೂದು ಹಸಿರು, ಬುಡದಿಂದ ಬೀಸಣಿಗೆ ಥರ ಎರಡೂ ಕಡೆ ಹರಡುತ್ತೆ. ಹೆಲಿಕೋನಿಯಾದ್ದು ತೆಳು, ಗಾಳಿಗೆ ಹರಿಯುತ್ತೆ, ಮರಿಗಳು ದೂರ ದೂರಕ್ಕೆ ಓಡ್ತವೆ.

ಹಂಗಂತ ಕಿತ್ತು ಬಿಸಾಕ್ಬೇಡಿ, ಒಳ್ಳೇ ಗಿಡ ಅದು. ಒಂದು ದಂಟು ಒಂದೇ ಸಲ ಹೂ ಬಿಡೋದು, ಹೂ ಒಣಗಿದ್ಮೇಲೆ ಬುಡಕ್ಕೇ ಕತ್ತರಿಸಿ, ಹೊಸ ಮರಿಗೆ ಜಾಗ ಆಗುತ್ತೆ. ಬೆಳಗಿನ ಬಿಸಿಲು ಬೇಕು, ತೇವ ಆರ್ಬಾರ್ದು, ಸಗಣಿ ಗೊಬ್ಬರ ಧಾರಾಳವಾಗಿ ಕೊಡಿ, ಸುತ್ತ ಕಲ್ಲು ಚಪ್ಪಡಿ ಹೂತಿಡಿ, ಇಲ್ದಿದ್ರೆ ಪಾತಿ ಪೂರ್ತಿ ಅದೇ ಆಗುತ್ತೆ. ಅಸಲಿದೇ ಬೇಕಂದ್ರೆ ಹೂ ಇರೋ ಗಿಡಾನೇ ಕೊಂಡ್ಕೊಳ್ಳಿ, ಚೀಟಿ ನಂಬ್ಬೇಡಿ.

ಪ್ರಶ್ನೆ: ಆನ್‌ಲೈನಲ್ಲಿ ಕಾಮನಬಿಲ್ಲಿನ ಬಣ್ಣದ ಸ್ಟ್ರೆಲಿಟ್ಜಿಯಾ ಬೀಜ ಮಾರ್ತಿದಾರೆ, ತಗೊಳ್ಲಾ?

ಉತ್ತರ: ಅಂಥ ಗಿಡಾನೇ ಇಲ್ಲ, ಫೋಟೋ ಎಡಿಟ್ ಮಾಡಿ ದುಡ್ಡು ಹೊಡೀತಿದಾರೆ.

ಪ್ರಶ್ನೆ: ಅಸಲಿ ಸ್ಟ್ರೆಲಿಟ್ಜಿಯಾನೇ ಇದೆ, ಪ್ರತಿ ವರ್ಷ ಪಾಟ್ ಬದಲಿಸ್ತೀನಿ, ಆದ್ರೂ ಹೂ ಇಲ್ಲ.

ಉತ್ತರ: ಬದಲಿಸೋದು ನಿಲ್ಸಿ. ಬೇರು ಇಕ್ಕಟ್ಟಾದ್ರೇನೇ ಅದು ಚೆನ್ನಾಗಿ ಹೂ ಬಿಡೋದು. ಬಿಸಿಲಲ್ಲಿಡಿ.

ಪ್ರಶ್ನೆ: ಎಳೆ ಸ್ಟ್ರೆಲಿಟ್ಜಿಯಾದ ಎಲೆ ಫೋಟೋ ಕಳ್ಸಿದೀನಿ, ಆರೆಂಜ್ ಹೂವಿನ ಜಾತೀದಾ, ಬಿಳಿ ಹೂವಿನ ಜಾತೀದಾ?

ಉತ್ತರ: ಎಳೇದ್ರಲ್ಲಿ ಎರಡೂ ಒಂದೇ ಥರ ಇರುತ್ತೆ, ಫೋಟೋ ನೋಡಿ ನಾನು ಹೇಳಲ್ಲ. ಬಿಳೀದಾದ್ರೆ ಕಾಂಡ ಬಂದು 20 ಅಡಿ ದಾಟುತ್ತೆ, ಗೊತ್ತಾಗೋವರೆಗೂ ಕಾಂಪೌಂಡ್ ಗೋಡೆ ಪಕ್ಕ ನೆಡ್ಬೇಡಿ.