ಟೆಂಪರ್ ಅಂದರೆ ಬರೀ ಸಿಟ್ಟಲ್ಲ, ತಂಗಿ

ಸೆಪ್ಟೆಂಬರಿನಲ್ಲಿ ಶೆಫೀಲ್ಡಿಗೆ ಓದಲು ಬರುತ್ತಿದ್ದೀಯ, ಅದೂ ನಮ್ಮ ಭದ್ರಾವತಿಯಿಂದ ಎಂದು ಓದಿ ತುಂಬಾ ಖುಷಿಯಾಯಿತು. ರೂಮು, ಚಳಿ, ಅಡುಗೆ ಸಾಮಾನು ಕೇಳಿದ್ದೀಯ. ಜೊತೆಗೆ, ಸ್ಕಾಲರ್‌ಶಿಪ್ ವಿಚಾರಿಸಿದ್ದಕ್ಕೆ ಪ್ರೊಫೆಸರು 'ಟೆಂಪರ್ ಯುವರ್ ಎಕ್ಸ್‌ಪೆಕ್ಟೇಷನ್ಸ್' ಎಂದು ಬರೆದರಂತೆ, ಬೈದರಾ ಅಣ್ಣಾ ಅಂತ ಕೇಳಿದ್ದೀಯ.

ರೂಮು ಕಾಲೇಜಿನ ಹತ್ತಿರವೇ ನೋಡು, ಈ ಊರು ಪೂರಾ ಏರು ಇಳಿಜಾರು. ದಪ್ಪ ಕೋಟು ಇಲ್ಲೇ ತಗೋ. ಡಿಸೆಂಬರಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ, ಹೆದರಬೇಡ. ಬೇಳೆ, ಹುಣಸೆಹಣ್ಣು ಸಿಗುತ್ತವೆ. ಸಾರಿನ ಪುಡಿ ಮಾತ್ರ ಅಮ್ಮನ ಕೈಯದೇ ತಾ, ಯಾಕೆ ಅಂತ ನಿನಗೆ ಹೇಳಬೇಕಿಲ್ಲ.

ಪ್ರೊಫೆಸರು ಬೈದಿಲ್ಲ. ಕುಲುಮೆಯಲ್ಲೂ ಆಡುವ ಮಾತು ಅದು. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದರೆ ಗಡಸಾಗುತ್ತದೆ, ಆದರೆ ಪೆಟ್ಟು ಬಿದ್ದರೆ ಗಾಜಿನ ಹಾಗೆ ಒಡೆಯುತ್ತದೆ. ಅದಕ್ಕೇ ಮತ್ತೆ ಸಣ್ಣ ಕಾವು ಕೊಡುತ್ತಾರೆ. ಉಜ್ಜಿ ಹೊಳಪು ಮಾಡಿದ ಮೈ ಮೇಲೆ 220 ಡಿಗ್ರಿ ಸುಮಾರಿಗೆ ಒಣಹುಲ್ಲಿನ ಹಳದಿ ಏರುತ್ತದೆ, ಆಮೇಲೆ ಕಂದು, ನೇರಳೆ, 300ರ ಹೊತ್ತಿಗೆ ನೀಲಿ. ಇದೇ ಟೆಂಪರಿಂಗ್. ನಮ್ಮ ಕಮ್ಮಾರರು ಕತ್ತಿಗೆ ಹದ ಕೊಡುವುದು ಅನ್ನುತ್ತಾರಲ್ಲ, ಅದೇ. ಆಸೆ ಹದದಲ್ಲಿರಲಿ ಅಂದಿದ್ದಾರೆ, ಅಷ್ಟೇ. 'ಟೆಂಪರ್ ಲೂಸ್' ಮಾಡಿಕೊಳ್ಳುವುದೂ ಹದ ತಪ್ಪುವುದೇ.

ಈ ಶೆಫೀಲ್ಡೂ ಉಕ್ಕಿನ ಊರೇ. ಹಂಟ್ಸ್‌ಮನ್ ಎಂಬಾತ ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಮಣ್ಣಿನ ಪಾತ್ರೆಯಲ್ಲಿ, ಉಕ್ಕು ಕರಗಿಸಿದ್ದು 1740ರ ದಶಕದಲ್ಲಿ, ಇದೇ ಊರಲ್ಲಿ. ಬ್ರಿಯರ್ಲಿ ಎಂಬಾತ ಸ್ಟೇನ್‌ಲೆಸ್ ಸ್ಟೀಲ್ ಮಾಡಿದ್ದೂ ಇಲ್ಲೇ, 1913ರಲ್ಲಿ. ಅದಕ್ಕೆಷ್ಟೋ ಶತಮಾನ ಮೊದಲೇ ನಮ್ಮ ಕಡೆ ಮೂಸೆಯುಕ್ಕು ಇತ್ತು. ಇಂಗ್ಲಿಷಿನವರು ಅದಕ್ಕಿಟ್ಟ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಪದದಿಂದಲೇ ಹುಟ್ಟಿದ್ದು ಅನ್ನುತ್ತಾರೆ. ಇಲ್ಲಿ ಯಾರ ಮುಂದೆಯೂ ಕುಗ್ಗಬೇಡ.

ಗಟ್ಟಿಯಾಗುವ ಮಾತುಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. 'ಸ್ಟೀಲ್ ಯುವರ್‌ಸೆಲ್ಫ್' ಅಂದರೆ ಎದೆ ಗಟ್ಟಿ ಮಾಡಿಕೋ. 'ಕ್ಯಾಲಸ್' ಅಂದರೆ ಕೈಗೆ ಬೀಳುವ ಜಡ್ಡು, ನಮ್ಮ ಹಾಗೇ ಇವರಿಗೂ ಮನಸ್ಸು ಜಡ್ಡುಗಟ್ಟುತ್ತದೆ. ಇಂಥವು ಕಷ್ಟವಲ್ಲ. ನಮ್ಮದರ ಹಾಗೇ ಕೇಳಿಸಿ ಬೇರೆ ಅರ್ಥ ಕೊಡುವ ಮಾತಿಗೆ ಹುಷಾರಾಗಿರು.

ನಾನು 1998ರಲ್ಲಿ ಬಂದೆ, ಉಕ್ಕು ಕಾಯಿಸುವ ಕಾರ್ಖಾನೆಯೊಂದರಲ್ಲಿ ಕೆಲಸ. ಅಲ್ಲಿ ಅಪ್ಪನ ವಯಸ್ಸಿನ ಒಬ್ಬ ಕೆಲಸಗಾರರಿದ್ದರು. ಕೆಂಪು ಯಾವ ಕೆಂಪು ಅಂತ ನನಗೆ ತಿಳಿಯಲಿ ಎಂದು ಕುಲುಮೆಯ ಬಾಗಿಲು ತೆಗೆಯುವ ಮೊದಲು ಹತ್ತಿರದ ದೀಪ ಆರಿಸುತ್ತಿದ್ದರು. ಒಂದು ದಿನ ಚಹಾ ಹೊತ್ತಲ್ಲಿ, ನಾಳೆ ಹೆಂಡತಿಗೆ ಆಪರೇಷನ್ ಅಂದರು. ಇಕ್ಕಳ ಕೈಯಲ್ಲೇ ಇತ್ತು. 'ಐ ಆಮ್ ಪೆಟ್ರಿಫೈಡ್' ಅಂದರು.

ಪೆಟ್ರಾ ಅಂದರೆ ಗ್ರೀಕಿನಲ್ಲಿ ಬಂಡೆ ಅಂತ ಎಲ್ಲೋ ಓದಿದ್ದೆ. ನಮ್ಮಲ್ಲಿ ಮನಸ್ಸು ಕಲ್ಲು ಮಾಡಿಕೋ ಅಂದರೆ ಧೈರ್ಯ ತಾನೇ? 'ಗುಡ್, ಹಾಗೇ ಇರಿ' ಅಂದುಬಿಟ್ಟೆ. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಇಕ್ಕಳವನ್ನು ಸದ್ದಾಗದ ಹಾಗೆ ಬೆಂಚಿನ ಮೇಲಿಟ್ಟು ಹೊರಗೆ ಹೋದರು.

'ನನಗೆ ಭಯವಾಗಿ ಕೈಕಾಲೇ ಆಡುತ್ತಿಲ್ಲ' ಅಂದಿದ್ದರು ಅವರು. ಅದು ನನಗೆ ತಿಳಿದದ್ದು ತಿಂಗಳುಗಳ ಮೇಲೆ, ಬಸ್ಸಿನಲ್ಲಿ ಒಬ್ಬಳು ಹುಡುಗಿ ನಾಯಿಗೆ ಹೆದರಿ ಅದೇ ಮಾತು ಆಡಿದಾಗ. ಅಷ್ಟರಲ್ಲಿ ಅವರು ಕೆಲಸ ಬಿಟ್ಟಿದ್ದರು. ಹೆಂಡತಿ ಹೇಗಿದ್ದಾರೆ ಅಂತ ನಾನು ಒಂದು ಸಲವೂ ಕೇಳಿರಲಿಲ್ಲ. ಊರಲ್ಲಾಗಿದ್ದರೆ ಅರ್ಥವಾಗಲಿ ಬಿಡಲಿ, ಅವತ್ತು ಸಂಜೆಯೇ ಅವರ ಮನೆಗೆ ಹೋಗಿ ಕೂತಿರುತ್ತಿದ್ದೆ. ಇಲ್ಲಿ ಕರೆಯದೆ ಹೋಗಬಾರದು ಅಂತ ಯಾರೋ ಹೇಳಿದ್ದನ್ನು ನಂಬಿ ಸುಮ್ಮನಿದ್ದೆ.

ಪ್ರೊಫೆಸರಿಗೆ ಇವತ್ತೇ ಉತ್ತರ ಬರೆ. ಸ್ಕಾಲರ್‌ಶಿಪ್ ಎಷ್ಟು ಸಿಗಬಹುದು ಅಂತ ನೇರವಾಗಿ ಕೇಳು, ತಪ್ಪು ತಿಳಿಯುವುದಿಲ್ಲ. ಬಂದ ವಾರವೇ ನಮ್ಮ ಮನೆಗೆ ಊಟಕ್ಕೆ ಬಾ. ಫೋನ್ ಮಾಡದೇ ಬಂದರೂ ಸರಿ.